ಇವತ್ತಿನ ಬಣ್ಣ

ಬೆಳಿಗ್ಗೆ ಆರೂವರೆಗೆ ಫೋನು ಹೇಳುತ್ತದೆ ಇವತ್ತಿನ ಬಣ್ಣ:
ಕಿತ್ತಳೆ.
ನಿನ್ನೆಯೂ ಅದೇ. ಮೊನ್ನೆ ಹಳದಿ.
ಬ್ರಿಜ್‌ಪೋರ್ಟಿನ ಈ ಬೇಸಿಗೆ ಶಿಬಿರದ ಅಂಗಳದಲ್ಲಿ
ಬಾವುಟ ಏರಿಸುವವಳು ನಾನು, ಲೂರ್ದ್ ತವಾರೆಸ್,
ನೆಲ ಒರೆಸುವವಳು, ಬೀಗದಕೈ ಗೊಂಚಲಿನವಳು,
ಹತ್ತೊಂಬತ್ತು ವರ್ಷದಿಂದ.

ಯಾವ ದೇಶದ್ದೂ ಅಲ್ಲ ಈ ಬಾವುಟ, ಇದಕ್ಕೆ ಯಾರೂ ಎದ್ದು ನಿಲ್ಲುವುದಿಲ್ಲ.
ಇದು ಗಾಳಿಯದ್ದು.
ತನ್ನ ಮೇಲಿನ ದೂರನ್ನು ಗಾಳಿ ತಾನೇ ಬೀಸಿ
ತಾನೇ ಬಿಡಿಸಿ ತೋರಿಸುತ್ತದೆ.
ಇವತ್ತು ಅದೂ ಇಲ್ಲ. ಕಂಬಕ್ಕೆ ಜೋತುಬಿದ್ದಿದೆ
ಹಿಂಡಿಟ್ಟ ಒರೆಸುಬಟ್ಟೆಯ ಹಾಗೆ.

ಆಕಾಶದ ಮೇಲೆ ಯಾವ ತಪ್ಪೂ ಹೊರಿಸಲಾಗದು:
ತೊಳೆದ ಬಟ್ಟಲಿನಂಥ ನೀಲಿ.
ಹೊಗೆಯಾದರೆ ಕಣ್ಣಿಗೆ ಬೀಳುತ್ತದೆ, ಮೂಗಿಗೆ ಹೊಡೆಯುತ್ತದೆ.
ಇದು ಸಭ್ಯಸ್ಥ. ಬಾಗಿಲು ತಟ್ಟುವುದಿಲ್ಲ.
ನ್ಯೂಯಾರ್ಕಿನ ಸೇತುವೆಗಳ ಮೇಲೆ ನಿಂತು ಸಿಡುಕುವ ಲಾರಿಗಳು
ಬೆಳಿಗ್ಗೆ ಬಿಟ್ಟ ಉಸಿರು
ಕಡಲತೋಳಿನ ಮೇಲೆ ಬಿಸಿಲಲ್ಲಿ ಬೆಂದು, ಹದವಾಗಿ,
ಟಿಕೆಟಿಲ್ಲದೆ ಇಲ್ಲಿಗೆ ಬಂದಿಳಿಯುತ್ತದಂತೆ
ಮಕ್ಕಳ ತಿಂಡಿಯ ಹೊತ್ತಿಗೆ ಸರಿಯಾಗಿ.

"ಓಝೋನ್ ಒಳ್ಳೇದಲ್ವಾ?" ಕೇಳಿದ ಅಮಾರಿ. ಒಂಬತ್ತು ವರ್ಷ,
ಕಾಲುಚೀಲದಲ್ಲಿ ಇನ್‌ಹೇಲರ್.
ಮೇಲಿದ್ದರೆ ಕೊಡೆ ಮರಿ, ಕೆಳಗಿಳಿದರೆ ಕೊಡಲಿ.
ಇರಬೇಕಾದ ಜಾಗ ತಪ್ಪಿದೆ, ಅಷ್ಟೆ.
ಅಂದವಳು ನಾಲಿಗೆ ಕಚ್ಚಿಕೊಂಡೆ:
ನನ್ನಮ್ಮ ಬ್ರಾವಾ ದ್ವೀಪ ಬಿಟ್ಟು ಇಲ್ಲಿಗೆ ಬಂದ ವರ್ಷ
ಕಾರ್ಖಾನೆಯ ಮೇಸ್ತ್ರಿ ಆಡಿದ್ದೂ ಇದೇ ಮಾತು.

ಉಳಿದವರು ಈಜುಕೊಳದಲ್ಲಿ. ಅವನು ಕಿಟಕಿಯ ಬಳಿ.
ಗಾಜಿಗೆ ಮೂಗೊತ್ತಿ
ಇತರರ ಜಿಗಿತ ಎಣಿಸುತ್ತಾನೆ:
ನಲವತ್ತೊಂದು, ನಲವತ್ತೆರಡು.
ಎಣಿಸುವುದಕ್ಕೆ ಶ್ವಾಸ ಬೇಕಿಲ್ಲ.

ಮೂರೂವರೆಗೆ ಎರಡನೇ ಸಲ ನಡುಗಿತು ಫೋನು.
ನಾಲ್ಕು ಜಿಲ್ಲೆಗಳಿಗೆ, ರಾತ್ರಿ ಒಂಬತ್ತರವರೆಗೆ,
ಅರವತ್ತು ಮೈಲಿ ವೇಗದ ಗಾಳಿ, ನಾಣ್ಯದಷ್ಟು ಆಲಿಕಲ್ಲು.
ಫೇರ್‌ಫೀಲ್ಡಿನ ಮೇಲೆ ಮೋಡ ಎದ್ದು ನಿಂತಿತ್ತು ಆಗಲೇ,
ತಲೆ ಚಪ್ಪಟೆ, ಕಮ್ಮಾರನ ಅಡಿಗಲ್ಲು.
ಮೊದಲ ಪೆಟ್ಟು ಬಿತ್ತು.

ಸೀಟಿ ಊದಿದ ಕೊಳ ಕಾಯುವ ಹುಡುಗ ಮರೇಕ್. ಎಲ್ಲರೂ ಮೇಲಕ್ಕೆ!
ಗುಡುಗು ಕೇಳಿದರೆ ಮೂವತ್ತು ನಿಮಿಷ ಒಳಗೆ.
ಇನ್ನೊಂದು ಕೇಳಿದರೆ
ಮತ್ತೆ ಒಂದರಿಂದ.
ಒದ್ದೆ ಕಾಲಿನ ಮೂವತ್ತಾರು ಮಕ್ಕಳು, ನನ್ನ ಒರೆಸಿದ ನೆಲ.
ಗಡಿಯಾರ ಹಿಡಿಯುವವರು ಯಾರು?
ಎಣಿಸಿ ಪಳಗಿದವನೊಬ್ಬನಿದ್ದನಲ್ಲ.

ಕುರ್ಚಿ ಹತ್ತಿ ನಿಂತ ಅಮಾರಿ.
"ಹನ್ನೊಂದು ನಿಮಿಷ." ಗುಡುಗು. "ಸೊನ್ನೆ."
"ಏಳು." ಗುಡುಗು. "ಸೊನ್ನೆ!"
ಸೊನ್ನೆ ಅನ್ನುವಾಗ ಅವನ ಮುಖ ನೋಡಬೇಕಿತ್ತು,
ಊರನ್ನೆಲ್ಲ ತನ್ನ ಕಿಟಕಿಗೆ ಕರೆಸಿಕೊಂಡ ಪಾಳೇಗಾರ.

ಆಗ ನೆನಪಾಯಿತು: ಬಾವುಟ!
ಕಬ್ಬಿಣದ ಕಂಬದಲ್ಲಿ ಹುಚ್ಚೆದ್ದು ಬಡಿದುಕೊಳ್ಳುತ್ತಿದೆ.
ಸರ್ಕಾರದ ಸಾಮಾನು, ಹರಿದರೆ ಲೆಕ್ಕ ಕೊಡಬೇಕು.
ಬಾಗಿಲಿಗೆ ಕೈ ಹಾಕಿದೆ.
ತೋಳು ಹಿಡಿದ ಪುಟ್ಟ ಕೈ, ಬೆವರು ಬೆವರು:
"ಸೊನ್ನೆ ನಿಮಿಷ ಆಗಿದೆ, ಲೂರ್ದ್."
ಅಂದು ಮುಗಿಸಿದನೋ ಇಲ್ಲವೋ,
ಅಂಗಳದ ಮೇಪಲ್ ಮರ
ತನ್ನ ಅರ್ಧ ಮೈಯನ್ನು ಕಂಬದ ಬುಡಕ್ಕೆ ಒಗೆಯಿತು.

ನಾನು ಏನೂ ಹೇಳಲಿಲ್ಲ. ಅವನೂ.
ಕುರ್ಚಿಗೆ ಮರಳಿ ಹತ್ತಿದ. "ಒಂದು," ಅಂದ.

ಐದೂಕಾಲಿಗೆ ಬಾಗಿಲು ತೆರೆದೆ.
ಸೀಳಿದ ಗಾಳಿಯ ವಾಸನೆ, ಹಸಿ ತಂತಿಯಂತೆ, ಚೂಪು.
"ಆಹಾ," ಎದೆ ತುಂಬ ಎಳೆದುಕೊಂಡ ಅಮಾರಿ, ದಿನದಲ್ಲಿ ಮೊದಲ ಸಲ.
ಮಿಂಚು ಬರೆದಿಟ್ಟು ಹೋದ ಆ ವಾಸನೆಯ ಹೆಸರು
ನನಗೆ ಗೊತ್ತಿತ್ತು.
ಒಂದು ಚಿಟಿಕೆ, ಇರಲಿ, ಎಂದು ಸುಮ್ಮನಾದೆ.

ಕೊಂಬೆಯಡಿಯಿಂದ ಕಿತ್ತಳೆಯನ್ನು ಎಳೆದು, ಹಿಂಡಿ, ಹರವಿದೆ.
ನಾಳೆ ಹಸಿರು ಎನ್ನುತ್ತಿದೆ ಫೋನು.
ಬೀರು, ಡ್ರಾಯರು, ಪೊರಕೆಯ ಮೂಲೆ, ಎಲ್ಲ ತಡಕಿದೆ.
ಜೂನ್ ಮೊದಲ ವಾರದಲ್ಲಿ ಮಡಚಿಟ್ಟದ್ದು,
ಎಲ್ಲಿಟ್ಟೆನೋ
ಆ ಹಸಿರನ್ನು.