ಅಕ್ರೋಟ್ ಮರದ ಮಂಚ

ನಾನೇ ಹೇಳಿದ್ದು, ನವೆಂಬರಿನಲ್ಲಿ:
ಅತ್ತೆಯನ್ನು ವೃದ್ಧಾಶ್ರಮದಿಂದ ಕರೆದುಕೊಂಡು ಬಾ.
ಥ್ರಾಸೋಸ್ ಏನೂ ಕೇಳಲಿಲ್ಲ. ಷೂ ಹಾಕಿಕೊಂಡ.
ಕೇಳಿದ್ದರೆ ಒಳ್ಳೆಯ ಉತ್ತರವೊಂದು ಸಿದ್ಧವಿತ್ತು ನನ್ನಲ್ಲಿ,
ಅಲ್ಲಿಯ ಊಟ ಸರಿಯಿಲ್ಲ, ಮುಪ್ಪಿಗೆ ಮನೆ ಬೇಕು, ಇತ್ಯಾದಿ.

ಫ್ಲೋರಿನಾದ ಚಳಿ ನೀವು ಕಂಡಿಲ್ಲ.
ಇಲ್ಲಿ ನದಿಯೂ ಹಲ್ಲು ಕಚ್ಚಿಕೊಂಡು ಹರಿಯುತ್ತದೆ.
ಎಣ್ಣೆಗೆ ಹೊಸ ತೆರಿಗೆ ಬಿದ್ದ ಮೇಲೆ
ಕಟ್ಟಡದ ಬಾಯ್ಲರು ಸತ್ತೇ ಇದೆ.
ಮೂರನೇ ಮಹಡಿಯವರು ಒಪ್ಪಿದರೆ ಎರಡನೆಯವರು ಒಪ್ಪುವುದಿಲ್ಲ,
ಇಬ್ಬರೂ ಒಪ್ಪಿದ ದಿನ ನಮ್ಮಲ್ಲಿ ದುಡ್ಡಿರಲಿಲ್ಲ.

ಅವನು ಓಡಿಸುತ್ತಿದ್ದುದು ಶಾಲೆಯ ಬಸ್ಸು.
ಬೆಟ್ಟದ ಮೇಲಿನ ಎರಡು ಶಾಲೆ ಸೇರಿ ಒಂದಾಯಿತು,
ಆಮೇಲೆ ಆ ಒಂದೂ ಇಲ್ಲವಾಯಿತು.
ಬಂದ ಕಾಗದದಲ್ಲಿ ‘ಹುದ್ದೆ ಮೀಸಲಿನಲ್ಲಿದೆ’ ಎಂದಿತ್ತು.
ಹುದ್ದೆ ಮೀಸಲಿನಲ್ಲಿ, ಮನುಷ್ಯ ಅಡುಗೆಮನೆಯಲ್ಲಿ,
ಬೆಳಿಗ್ಗೆ ಹನ್ನೊಂದಕ್ಕೆ,
ಆರಿಸಿಟ್ಟ ಬೀನ್ಸ್ ಕಾಳನ್ನೇ ಮತ್ತೆ ಆರಿಸುತ್ತಾ.

ಇವಾಂಥಿಯಾ ಬಂದರು.
ಒಂದು ಸೂಟ್‌ಕೇಸು, ಒಂದು ಊರುಗೋಲು,
ತಿಂಗಳಿಗೆ ಐನೂರ ಹನ್ನೆರಡು ಯೂರೋ,
ಅದೂ ನಾಲ್ಕು ಸಲ ಕತ್ತರಿ ಕಂಡು ಉಳಿದದ್ದು:
ತಂಬಾಕಿನ ಗೋದಾಮಿನಲ್ಲಿ ಮೂವತ್ತೊಂದು ವರ್ಷ
ಎಲೆ ಪೋಣಿಸಿ ಕಪ್ಪಾದ ಬೆರಳುಗಳ ಬೆಲೆ.
ಆ ಬೆರಳು ಹಿಡಿದು ಈಗ ಐದು ಹೊಟ್ಟೆ.

ಟಿವಿಯಲ್ಲಿ ಯಾರೋ ಮಂತ್ರಿ
ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂದ.
ಮಿರ್ತೊಗೆ ಹದಿಮೂರು. ಎರಡು ವರ್ಷದಿಂದ
ಕಾಲು ಬೆಳೆಸುವುದೊಂದೇ ಅವಳ ಕಸುಬು.

ಜನವರಿಯ ಒಂದು ರಾತ್ರಿ ಕಟ್ಟಿಗೆ ಮುಗಿಯಿತು.
ಅತ್ತೆ ಮಲಗುತ್ತಿದ್ದುದು ಅಕ್ರೋಟ್ ಮರದ ಮಂಚ,
ಅವರ ಮದುವೆಯದು. ಥ್ರಾಸೋಸ್ ಹುಟ್ಟಿದ್ದೂ ಅದರ ಮೇಲೆ.
ಯಾರೂ ಬಾಯಿ ಬಿಡಲಿಲ್ಲ. ನೋಡಿದೆವು, ಅಷ್ಟೆ.
ಅವರೇ ಎದ್ದು ಕುರ್ಚಿಗೆ ಹೋಗಿ ಕೂತರು.
“ಕಾಲ ಕಡೆಯಿಂದ ಕುಯ್ಯಿ” ಎಂದರು ಮಗನಿಗೆ,
“ತಲೆ ಕಡೆಯದು ದಪ್ಪ. ನಾಳೆಗಾಗುತ್ತದೆ.”

ಚಿಕ್ಕವನು ಲಾಂಬಿಸ್‌ಗೆ ಅದೊಂದು ಆಟ.
ಉದುರಿದ ಹೊಟ್ಟನ್ನು ಕಾಲುಚೀಲಕ್ಕೆ ತುಂಬಿಟ್ಟ.
ಅಕ್ರೋಟ್ ನಿಧಾನ ಉರಿಯುತ್ತದೆ, ವಾಸನೆಯೂ ಹಿತ.
ಬಣ್ಣ ಬಳಿಯದ ಮರ, ಪುಣ್ಯ.
ಕೆಳಗಿನ ಮನೆಯವರು ಬಣ್ಣದ ಬಾಗಿಲು ಸುಟ್ಟು
ಮಗುವಿಗೆ ಉಬ್ಬಸ ಹತ್ತಿತು.
ನಾಲ್ಕು ರಾತ್ರಿ ಬಾಳಿತು ಮಂಚ.

ಈಗ ಎಲ್ಲರೂ ಅಡುಗೆಮನೆಯ ನೆಲದಲ್ಲಿ, ಒಲೆಯ ಸುತ್ತ.
ಹಾಸಿಗೆಯ ಮಾತೇ ಇಲ್ಲ;
ಮಿರ್ತೊ ಗೋಡೆಯ ತನಕ ಕಾಲು ಚಾಚುತ್ತಾಳೆ.

ಅತ್ತೆ ಕೆಮ್ಮಿದರೆ ಕತ್ತಲಲ್ಲಿ ನಾಲ್ಕೂ ಜನ ಎದ್ದು ಕೂರುತ್ತೇವೆ.
ಒಬ್ಬರು ನೀರು, ಒಬ್ಬರು ಕಂಬಳಿ.
ನಾನು ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತೇನೆ.
ಎಣಿಸುತ್ತಾ ಎಣಿಸುತ್ತಾ ಅದು ತಾರೀಕಾಗುತ್ತದೆ:
ಇಪ್ಪತ್ತಾರು, ಇಪ್ಪತ್ತೇಳು, ಇನ್ನು ನಾಲ್ಕು ದಿನ.
ಇದರಲ್ಲಿ ಪ್ರೀತಿ ಎಷ್ಟು, ಪಿಂಚಣಿ ಎಷ್ಟು?
ಅವನು ಕಾಳು ಆರಿಸುವ ಹಾಗೆ
ಬೇರೆ ಮಾಡಲು ನೋಡಿದೆ. ಆಗಲಿಲ್ಲ.

ಅವರಿಗೆ ಗೊತ್ತು. ಯಾಕೆ ಗೊತ್ತಿರಬಾರದು?
ನಿನ್ನೆ ಬ್ಯಾಂಕಿನ ಸಾಲಿನಲ್ಲಿ ನಿಂತು
ಅವರ ಕೋಟಿನ ಮೇಲಿನ ಗುಂಡಿ ಹಾಕುತ್ತಿದ್ದೆ.
ನನ್ನ ಕಿವಿಯ ಹತ್ತಿರ ಬಾಯಿ ತಂದರು,
ಅಂಗಡಿಯವನಿಗೆ ವಾಯಿದೆ ಹೇಳುವ ದನಿಯಲ್ಲಿ:
“ಹುಡುಗಿಗೆ ಷೂ ತಗೋ. ಅರ್ಧ ಅಳತೆ ದೊಡ್ಡದೇ ಇರಲಿ.
ಮಾರ್ಚಿಯವರೆಗೆ ನಾನು ಇರುತ್ತೇನೆ.”