ಒಂದೇ ಟಿಕ್

ಬಾನೆಟ್ಟು ಎತ್ತುವ ಮೊದಲು ಫ್ರೊಯ್ಲಾನ್ ಕೇಳಿದ್ದು ಇಷ್ಟೇ:
"ಕೀಲಿ ತಿರುವಿದಾಗ ಏನಂತು?"
ಅರಿಯಾನ್ವೆನ್ ನಾಲಗೆಯನ್ನು ಅಂಗುಳಕ್ಕೆ ಒತ್ತಿ
"ಟಿಕ್" ಅಂದಳು.
"ಒಂದೇನಾ, ಸಾಲಾಗಿ ಬಂತಾ?"
"ಒಂದೇ."
ಎಡಗಿವಿ ಸತ್ತು ಇಪ್ಪತ್ತು ವರ್ಷ. ಬಲಗಿವಿಯನ್ನು
ಅವಳ ಬಾಯಿಯ ಹತ್ತಿರ ತಂದು ಮತ್ತೊಮ್ಮೆ ಅನ್ನಿಸಿದ,
ವೈದ್ಯ ಮಗುವಿನ ಕೈಲಿ "ಆ" ಅನ್ನಿಸುವ ಹಾಗೆ.
"ಟಿಕ್."

ಜುಲೈ. ಚುಬೂತಿನ ಬಯಲಲ್ಲಿ ಜುಲೈ ಅಂದರೆ
ಚಳಿಗಾಲದ ನಟ್ಟನಡು. ಗಾಳಿ ಎಲ್ಲವನ್ನೂ
ಪೂರ್ವಕ್ಕೆ ಗುಡಿಸುತ್ತದೆ, ಗುಡಿಸಿದ್ದು ಮರೆತು ಮತ್ತೆ ಗುಡಿಸುತ್ತದೆ.
ಎಪ್ಪತ್ತೆಂಟರ ಫೋರ್ಡ್ ಪಿಕಪ್ಪು ಮೂರು ದಿನದಿಂದ
ಹನ್ನೊಂದು ಕಟ್ಟು ಕುದುರೆಮಸಾಲೆ ಮೇವು ಹೊತ್ತು
ಬೇಲಿಗೆ ಮುಖ ಕೊಟ್ಟು ನಿಂತಿದೆ.
ಬೇಲಿಯಾಚೆ, ನಾಲ್ಕು ಮೈಲಿಯಾಚೆ, ಕುರಿಗಳು.

ಊರಿಗೆ ಊರೇ ರೋಗ ಹೇಳಿಯಾಗಿತ್ತು.
ಬ್ಯಾಟರಿ, ಅಂದ ಬೇಕರಿಯವನು. ಹೊಸದು ತಂದಳು.
ಸ್ಟಾರ್ಟರು, ಅಂದ ನಾದಿನಿಯ ಗಂಡ,
ಸುತ್ತಿಗೆಯಲ್ಲಿ ಎರಡು ಏಟು ಕೊಟ್ಟು, ಊಟ ಮಾಡಿ ಹೋದ.
ಪಾದ್ರಿಯೊಬ್ಬ ಮಾತ್ರ
ತನಗೆ ಗೊತ್ತಿಲ್ಲ ಅಂದ.

"ಹೆಡ್‌ಲೈಟು ಹಾಕು. ಈಗ ತಿರುವು."
ಟಿಕ್. ಬೇಲಿಗೂಟದ ಮೇಲೆ ಬಿದ್ದ ಬೆಳಕು
ಬಿದ್ದಂತೆಯೇ ಇತ್ತು, ಮಿಸುಕಲಿಲ್ಲ.
"ಹಸಿವಲ್ಲ ಇದು," ಅಂದ. "ತುತ್ತು ಎಲ್ಲೋ ಗಂಟಲಲ್ಲಿ ನಿಂತಿದೆ."

ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಕಪ್ಪು ತುದಿಗೆ,
ಇನ್ನೊಂದು ಇಂಜಿನ್ನಿನ ಬರಿಮೈಗೆ.
"ತಿರುವು."
ಸೊನ್ನೆ ಇರಬೇಕಾದ ಕಡೆ ಒಂಬತ್ತು.
"ನೋಡಿಲ್ಲಿ. ಇವರಿಬ್ಬರ ನಡುವೆ
ಏನೂ ಇರಬಾರದು. ಇಷ್ಟಿದೆ."

ಅಲ್ಲಿ ಇದಕ್ಕೆ ಮಾಸಾ ಅನ್ನುತ್ತಾರಂತೆ,
ರೊಟ್ಟಿಗೆ ನಾದಿಟ್ಟ ಹಿಟ್ಟಿಗೂ ಅದೇ ಹೆಸರು.
ನಮ್ಮ ವೈರ್‌ಮನ್ನುಗಳ ಬಾಯಲ್ಲಿ ಅರ್ತು:
"ಅರ್ತಿಲ್ಲ ಸಾರ್, ಅದಕ್ಕೇ ಹಿಂಗೆ,"
ಗೋಡೆಯ ತೂತಿಗೆ ಟಾರ್ಚು ಬಿಟ್ಟು ಅವರು ಅಂದಾಗ
ಅರ್ಥವಿಲ್ಲ ಅಂದಂತೆ ಕೇಳಿ ನಾನು ನಕ್ಕಿದ್ದುಂಟು.
ಹೋದ ಕರೆಂಟು ಹಿಂದಿರುಗಲೊಂದು ದಾರಿ,
ಅಷ್ಟೇ ಅದು. ಹೋಗುವುದಕ್ಕೆ ದಪ್ಪ ಕೇಬಲ್ಲು ಕಣ್ಣಿಗೆ ಕಾಣುತ್ತದೆ;
ಬರುವುದಕ್ಕೆ ಹೊಟ್ಟೆಯಡಿ ಒಂದು ಹೆಣೆದ ಪಟ್ಟಿ.

ಗೋಣಿ ಹಾಸಿ ಒಳಗೆ ಜಾರಿದ. ಮಲಗಿದ್ದ ನಾಯಿ
ಗೊಣಗುತ್ತ ಅರ್ಧ ಜಾಗ ಬಿಟ್ಟಿತು.
ತುಂಬ ಹೊತ್ತು ಬೂಟುಗಳಷ್ಟೇ ಮಾತಿಲ್ಲದೆ ಕಂಡವು.
ಆಮೇಲೆ, ಕೆಳಗಿನಿಂದ:
"ಬಣ್ಣ ಯಾರು ಹೊಡೆದದ್ದು?"
"ನಾನೇ. ಮಾರ್ಚಿನಲ್ಲಿ."
"ಚೆನ್ನಾಗಿ ಹೊಡೆದಿದ್ದೀಯ.
ಎಲ್ಲೂ ಒಂದು ಎಳ್ಳಿನಷ್ಟು ಜಾಗ ಬಿಟ್ಟಿಲ್ಲ."

ಅವಳ ಮುಖ ಕೆಂಪಾದದ್ದು ಚಳಿಗಿರಬಹುದು.
ಎಲ್ಲವನ್ನೂ ಬಿಚ್ಚಿ, ತೊಳೆದು, ಒರೆಸಿ,
ಪಟ್ಟಿ ಕೂರುವ ಕಬ್ಬಿಣಕ್ಕೂ ಎರಡು ಕೈ ನೀಲಿ ಬಳಿದು,
ಒಣಗಿದ ಮೇಲೆ ಬೋಲ್ಟು ಬಿಗಿದಿದ್ದಳು.
ನಾಲ್ಕು ತಿಂಗಳು ಬೋಲ್ಟಿನ ಹಲ್ಲುಗಳಲ್ಲೇ
ಹೇಗೋ ನುಸುಳಿ ಬದುಕಿತ್ತು ಗಾಡಿ.

ಅವನು ಈಚೆ ಬಂದ; ಚಾಕು ಅವಳ ಕೈಗೆ ಕೊಟ್ಟ.
ನಾಯಿ ಈ ಸಲ ಜಾಗ ಬಿಡಲಿಲ್ಲ.
ಕೆರೆದಳು. ನೀಲಿಯ ಸುರುಳಿಗಳು ಕೆನ್ನೆಗೆ, ಕೂದಲಿಗೆ.
ನೀಲಿಯಡಿ ಹಳೆಯ ಹಸಿರು, ಹಸಿರಿನಡಿ
ಯಾರದೋ ಕಾಲದ ಕಂದು,
ಕೊನೆಗೆ ನಾಣ್ಯದಗಲ
ಹೊಳೆಯುವ ಬತ್ತಲೆ ಕಬ್ಬಿಣ.

ತಿರುವಿದಳು. ಇಂಜಿನ್ನು ಗರಗರ ತಿರುಗಿತು,
ಕೆಮ್ಮಿತು, ಉಗುಳಿತು, ನಿಂತೇ ಹೋಯಿತು.
"ಮೂರು ದಿನ ನೀನು ತುಳಿದ ಪೆಟ್ರೋಲು ಮೂಗಿಗೇರಿದೆ. ಕೂರು."
ಒಂದೇ ಸೋರೆಬುರುಡೆಯಿಂದ, ಒಂದೇ ನಳಿಕೆಯಿಂದ
ಸರದಿಯ ಮೇಲೆ ಕಹಿ ಮಾತೆ ಕುಡಿದರು.
ದುಡ್ಡಿನ ಮಾತು ಅವಳು ಎರಡು ಸಲ ಎತ್ತಿದಳು,
ಎರಡು ಸಲವೂ ಅವನು ಎಡಗಿವಿ ತಿರುಗಿಸಿದ.

ಮುಂದಿನ ತಿರುವಿಗೆ ಹೊತ್ತಿಕೊಂಡಿತು.
ಫ್ರೊಯ್ಲಾನ್ ಟೊಪ್ಪಿ ತೆಗೆದು, ಬಾಗಿ,
ಆ ಸತ್ತ ಕಿವಿಯನ್ನೇ ಫೆಂಡರಿಗೆ ಒತ್ತಿ ನಿಂತ.
ಮೂಳೆಗೆ ನೇರ ಬರುವ ಸದ್ದು
ಅದಕ್ಕೆ ಇನ್ನೂ ಕೇಳುತ್ತದೆ.
ಕುರಿಗಳಿಗೆ ಮೂರು ದಿನದ ಹಸಿವು. ಆದರೂ ಅವಳು
ಗೇರು ಹಾಕದೆ ಕೂತಳು,
ಅವನು ತಲೆ ಎತ್ತುವ ತನಕ.