ಹೊರಗೆ ಹೋಗಿ ಒಳಗೆ ಬನ್ನಿ

ಮೂರೂಕಾಲಕ್ಕೆ ಫೋನು. ಮಲ್ಪೆಯಿಂದ ಗುಲಾಬಿ ತಿಂಗಳಾಯ:
“ನೆಟ್ ಪುನಃ ಹೋಯ್ತು ಮಾರಾಯ್ರೆ,
ತಕ್ಕಡಿಯಲ್ಲಿ ಬಂಗುಡೆ ಉಂಟು, ಬಿಲ್ಲು ಹೋಗ್ತಾ ಇಲ್ಲ.”
ಕಂಕನಾಡಿಯ ಕತ್ತಲಲ್ಲಿ ಕಣ್ಣು ತೆರೆಯದೆ
ಅಕ್ಷರ ಅಕ್ಷರ ಹೇಳಿಕೊಡುತ್ತೇನೆ, ರೂಟಿನ ಪಾಸ್‌ವರ್ಡು ಸಹಿತ.
ಈ ತಿಂಗಳಲ್ಲಿ ಹನ್ನೊಂದನೆಯ ಸಲ.

ಐಸ್ ಪ್ಲಾಂಟಿನ ಮೂಲೆಯ ಪೆಟ್ಟಿಗೆಯೊಳಗೆ ಒಬ್ಬನಿದ್ದಾನೆ.
ಮುಖವಿಲ್ಲ, ನಿದ್ದೆಯಿಲ್ಲ, ಹೆಸರು ಡೀಮನ್.
ನಮ್ಮ ಕಡೆ ಆ ಹೆಸರು ಹಿಡಿದು ಯಾರೂ ನಗುವುದಿಲ್ಲ.
ಅವನ ಕಿವಿ ಒಂದು ಸಾಕೆಟ್ಟು.
ಅದರಲ್ಲಿ ಪಿಸುಗುಟ್ಟಿದರೆ
ಕಳೆದುಕೊಂಡ ಟವರನ್ನು ಮತ್ತೆ ಹುಡುಕಿಕೊಳ್ಳುತ್ತಾನೆ.
ಪಿಸುಗುಟ್ಟುವ ಹಕ್ಕು ಮಾತ್ರ ರೂಟಿನದು.

ಶನಿವಾರ ಬಸ್ಸು ಹಿಡಿದು ಹೋದೆ.
ನೋಡಿದರೆ ಸೊಸೈಟಿಯ ಕ್ಯಾಲೆಂಡರಿನಲ್ಲಿ,
ಬೋಟುಗಳು ಏಳದ ಜುಲೈ ಹಾಳೆಯ ಬೆನ್ನಿಗೆ,
ಪೆನ್ಸಿಲಿನಲ್ಲಿ ನನ್ನ ಪಾಸ್‌ವರ್ಡು.
“ಎಲ್ಲರಿಗೂ ತೆರೆದುಬಿಡಿ, ಮೂರು ಏಳು ಹೊಡೆದರೆ ಮುಗೀತಲ್ಲ,”
ಎಂದರು ಕಾರ್ಯದರ್ಶಿ.
ಬೇಡವೆಂದೆ. ಯಾಕೆಂದು ಸರಿಯಾಗಿ ಹೇಳಲು ಬರಲಿಲ್ಲ.

ಒಂದು ಗುಂಪು ಕಟ್ಟಿ ‘ದಕ್ಕೆ’ ಎಂದು ಹೆಸರಿಟ್ಟೆ.
ರಾತ್ರಿಗೆ ಗುಲಾಬಿ, ಹಗಲಿಗೆ ಜೋಸ್ಸಿ ಲೂವಿಸ್.
ಒಡೆಯನಿಗೆ ಆರು, ಗುಂಪಿಗೆ ಆರು,
ಉಳಿದವರಿಗೆ ಸೊನ್ನೆ.
ಸೊನ್ನೆ ಒತ್ತುವಾಗ ಬೆರಳು ತುಸು ನಿಂತಿತು:
ಕಿಟಕಿಯಾಚೆ ಐಸು ಒಡೆಯುವ ಹುಡುಗರು,
ಏಲಂ ಕೂಗುವವರು, ಬುಟ್ಟಿ ಕಾಯುವ ಹೆಂಗಸರು,
ಒಂದು ಬೆಕ್ಕು.

ಗುಲಾಬಿ ಕನ್ನಡಕವನ್ನು ಸೆರಗಿಗೆ ಒರೆಸಿ
ಚೀಟಿ ನೋಡಿ ಒಂದೊಂದೇ ಕೀ ಒತ್ತಿದರು.
ಅನುಮತಿ ಇಲ್ಲ.
ಹೌದು, ಸಾಕೆಟ್ಟು ತೆರೆದಿದ್ದೆ,
ಅದು ಕೂತ ಫೋಲ್ಡರಿನ ಹೊಸ್ತಿಲು ಮರೆತಿದ್ದೆ.
ಅದನ್ನೂ ತೆರೆದೆ.
ಅನುಮತಿ ಇಲ್ಲ.
“ನನ್ನ ಹೆಸರು ಹಾಕಿದ್ದೀರಿ ಅಲ್ವಾ?”
ಪಟ್ಟಿ ತೋರಿಸಿದೆ. ಹೆಸರು ಉಂಟು.

ಆಮೇಲೆ ಹೊಳೆಯಿತು.
“ನೀವು ಬೆಳಿಗ್ಗೆ ಲಾಗಿನ್ ಆದಾಗ ಈ ಗುಂಪು ಹುಟ್ಟಿರಲಿಲ್ಲ.
ಇದಕ್ಕೆ ನೀವು ಇನ್ನೂ ಬೆಳಗಿನ ಗುಲಾಬಿ.
ಒಮ್ಮೆ ಹೊರಗೆ ಹೋಗಿ ಒಳಗೆ ಬನ್ನಿ.”

ಅವರು ಕುರ್ಚಿಯಿಂದ ಎದ್ದರು.
ನಿಜಕ್ಕೂ ಬಾಗಿಲು ದಾಟಿ, ಬೂತಾಯಿ ನೀರು ಹರಿಯುವ ಸಿಮೆಂಟಿನ ಮೇಲೆ
ಕ್ಷಣಹೊತ್ತು ನಿಂತು,
ಕಾಲು ಒರೆಸಿ ಒಳಗೆ ಬಂದರು.
ಅಷ್ಟರಲ್ಲಿ ನಾನು ಲಾಗೌಟ್ ಮಾಡಿದ್ದೆ.
ನಗಲಿಲ್ಲ. ಮರುದಿನವೂ ಯಾರಿಗೂ ಹೇಳಲಿಲ್ಲ.
ಅವರು ಒತ್ತಿದರು.
ಸರಿ, ಎಂದಿತು ಪರದೆ.

ಅದನ್ನೆಲ್ಲ ಕಾನ್ಫಿಗ್ ಫೈಲಿನಲ್ಲಿ ಬರೆದಿಟ್ಟೆ,
ಕರೆಂಟು ಹೋಗಿ ಬಂದರೂ ಅಳಿಸದ ಹಾಗೆ.
ಪಾಸ್‌ವರ್ಡು ಬದಲಿಸಿದೆ. ಜುಲೈಯ ಬೆನ್ನು ಉಜ್ಜಿದೆ.

ಬುಧವಾರ ಮೂರೂಕಾಲಕ್ಕೆ ತಾನಾಗಿ ಎಚ್ಚರ.
ಫೋನು ಸುಮ್ಮನೆ ಬಿದ್ದಿತ್ತು.
ತಡೆಯಲಾರದೆ ಲಾಗ್ ತೆರೆದು ನೋಡಿದೆ:
ಮೂರು ಹದಿನಾಲ್ಕು. ಗುಲಾಬಿ. ಸರಿ.
ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.
ನಿದ್ದೆ ಮಾತ್ರ ಮತ್ತೆ ಹತ್ತಲಿಲ್ಲ.